ಒಂದೇ ಜಲ್ಲೆ, ಹಲವು ರಸ

ಕಲಘಟಗಿ ತಾಲೂಕಿನ ದುಮ್ಮವಾಡದ ಬಳಿ, ಹುಬ್ಬಳ್ಳಿಯ ಜನರ ನೀರಡಿಕೆಯನ್ನು ನೀಗಿಸಲೆಂದು ಕಟ್ಟಿದ ನೀರಸಾಗರ ಜಲಾಶಯವಿದೆ. ಮಳೆ ಕೈಹಿಡಿದ ವರ್ಷ ತುಂಬಿ ತುಳುಕುವ ಈ ಜಲರಾಶಿ, ಮಳೆ ಕೈಕೊಟ್ಟ ವರ್ಷ ತಳ ಕಾಣಿಸಿದ್ದೂ ಉಂಟು. ಕೆರೆಯ ನೀರು ಇಳಿದಾಗ ಊರವರಿಗೆ ಬೆಳೆಯ ಚಿಂತೆ, ದನಕರುಗಳ ಚಿಂತೆ. ಕೆರೆಯೊಳಗಿನ ಮೀನಿಗೂ ಅದರದೇ ಆದ ಸಂಕಟವಿರುತ್ತದೆಂಬುದು ಯಾರ ಗಮನಕ್ಕೂ ಬಾರದು. ಆ ಸಂಕಟ ಮೊದಲು ಮುಟ್ಟುವ ಠಾವುಗಳಲ್ಲಿ ಮಿದುಳಿನ ಬುಡದ ಪಿಟ್ಯುಟರಿ ಎಂಬ ಪುಟ್ಟ ಗ್ರಂಥಿಯೂ ಒಂದು. ಅದೇ ಗ್ರಂಥಿ ಮನುಷ್ಯನಲ್ಲಿಯೂ ಇದೆ. ಗಾತ್ರ ಕಡಲೆಕಾಳಿನಷ್ಟು, ತೂಕ ಸುಮಾರು ಅರ್ಧ ಗ್ರಾಂ.

ದುಮ್ಮವಾಡಕ್ಕೆ ಬಹುದೂರವಲ್ಲದ ಧಾರವಾಡದಲ್ಲಿ, ಕರ್ನಾಟಕ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗದ ಸಿ. ಬಿ. ಗಣೇಶ ಮತ್ತು ಅವರ ಸಂಗಡಿಗರು ಈ ಸಂಕಟವನ್ನೇ ಅಭ್ಯಾಸಕ್ಕೆ ತೆಗೆದುಕೊಂಡರು. ನಮ್ಮ ಕಡೆ ಜಿಲೇಬಿ ಎಂದು ಕರೆಯಲಾಗುವ ತಿಲಾಪಿಯಾ ಮೀನನ್ನು ಹಿಡಿದು ಬಿಡುವುದು, ಅಟ್ಟಾಡಿಸುವುದು, ಪದೇ ಪದೇ ಬಲೆಗೆ ಸಿಕ್ಕಿಸುವುದು, ತೊಟ್ಟಿಯ ನೀರನ್ನು ಇಳಿಸುವುದು, ಹೀಗೆ ಅದನ್ನು ನಿತ್ಯವೂ ಕಳವಳಕ್ಕೆ ಈಡುಮಾಡಿ ನೋಡಿದರು. ಅಂಡಾಶಯದಲ್ಲಿ ತತ್ತಿಗಳ ಬೆಳವಣಿಗೆ ಕುಂಠಿತವಾಯಿತು. ಮೊಟ್ಟೆಯಿಡುವ ಕ್ರಮವೇ ತಪ್ಪಿತು. 2012ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. ಮರುವರ್ಷದ ವರದಿ ಇನ್ನೂ ಕುತೂಹಲಕರವಾದುದು. ಅಫೀಮಿನಂಥ ವಸ್ತುಗಳಿಗೆ ದೇಹದಲ್ಲಿರುವ ಬಾಗಿಲನ್ನು ಮುಚ್ಚಿಬಿಡುವ ನಾಲ್ಟ್ರೆಕ್ಸೋನ್ ಎಂಬ ಔಷಧವನ್ನು ಕೊಟ್ಟಾಗ, ಕಳವಳಗೊಂಡ ಮೀನಿನಲ್ಲಿಯೂ ಸಂತಾನಕ್ಕೆ ಬೇಕಾದ ಪಿಟ್ಯುಟರಿ ಹಾರ್ಮೋನಿನ ಕುಸಿತ ತಗ್ಗಿತು. ದೇಹವೇ ತನ್ನೊಳಗೆ ತಯಾರಿಸಿಕೊಳ್ಳುವ ಅಫೀಮಿನ ಬಳಗದ ರಸಗಳು ಇದರಲ್ಲಿ ಕೈಯಾಡಿಸುತ್ತವೆಂಬುದಕ್ಕೆ ಅದು ಸಾಕ್ಷಿ.

ಈ ಬಳಗದಲ್ಲಿ ಹೆಸರಾದುದು ಎಂಡಾರ್ಫಿನ್. ಅದು ಒಂಟಿಯಾಗಿ ಹುಟ್ಟುವುದಿಲ್ಲ. ಗ್ರಂಥಿಯ ಕಣಗಳು ಮೊದಲು ಒಂದು ಉದ್ದನೆಯ ಪ್ರೋಟೀನನ್ನು ಹೆಣೆಯುತ್ತವೆ. ಮನುಷ್ಯನಲ್ಲಿ ಅದು 241 ಅಮೈನೋ ಆಮ್ಲಗಳ ಸರಪಳಿ. ಅದನ್ನು ಕಬ್ಬಿನ ಜಲ್ಲೆಗೆ ಹೋಲಿಸಬಹುದು. ಜಲ್ಲೆಗೆ ಗೆಣ್ಣುಗಳಿರುವಂತೆ ಈ ಸರಪಳಿಯಲ್ಲಿಯೂ ಕತ್ತರಿಸಲು ಗೊತ್ತಾದ ಸ್ಥಳಗಳಿವೆ. ಕಿಣ್ವಗಳೆಂಬ ಕುಡುಗೋಲುಗಳು ಅಲ್ಲಿಯೇ ಕಡಿಯುತ್ತವೆ. ಒಂದು ತುಂಡು 39 ಕೊಂಡಿಗಳ ಎ.ಸಿ.ಟಿ.ಎಚ್.; ಮೂತ್ರಪಿಂಡಗಳ ನೆತ್ತಿಯ ಮೇಲೆ ಮುಂಡಾಸಿನಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳಿಂದ ಕಾರ್ಟಿಸಾಲ್ ಹೊರಡಿಸುವುದು ಅದರ ಕೆಲಸ. ಇನ್ನೊಂದು ತುಂಡು 31 ಕೊಂಡಿಗಳ ಎಂಡಾರ್ಫಿನ್. ಅದು ನೋವನ್ನು ತಣಿಸುತ್ತದೆ. ಮಿದುಳಿನಲ್ಲಿ ಕಡಿತದ ರೀತಿಯೇ ಬೇರೆ. ಅಲ್ಲಿ ಎ.ಸಿ.ಟಿ.ಎಚ್.ನ ಮೊದಲ 13 ಕೊಂಡಿಗಳೇ ಬೇರ್ಪಟ್ಟು ಎಂ.ಎಸ್.ಎಚ್. ಎಂಬ ಹೊಸ ರಸವಾಗುತ್ತದೆ. ಅದು ಹಸಿವನ್ನು ಹಿಡಿತದಲ್ಲಿಡುತ್ತದೆ. ಕೂದಲು, ಚರ್ಮಗಳ ಕಪ್ಪು ಬಣ್ಣಕ್ಕೂ ಅದು ಕಾರಣ. ಅಫೀಮು, ಕಪ್ಪು, ಅಡ್ರಿನಲ್, ಈ ಮೂರನ್ನೂ ಸೂಚಿಸುವಂತೆ ವಿಜ್ಞಾನಿಗಳು ಮೂಲ ಪ್ರೋಟೀನಿಗೆ ಪ್ರೋ-ಓಪಿಯೋ-ಮೆಲನೋ-ಕಾರ್ಟಿನ್ ಎಂದು ಹೆಸರಿಟ್ಟರು.

ಈ ಜಲ್ಲೆಯ ಗುಟ್ಟು ಬಯಲಾದ ಬಗೆಯೂ ಸ್ವಾರಸ್ಯಕರವಾಗಿದೆ. ಕ್ಯಾಲಿಫೋರ್ನಿಯಾದ ಚೋ ಹಾವೋ ಲೀ ಎಂಬ ಜೀವರಸಾಯನ ವಿಜ್ಞಾನಿ ಒಂಟೆಗಳ ಪಿಟ್ಯುಟರಿ ಗ್ರಂಥಿಗಳನ್ನು ತರಿಸಿ, ತಾನೇ ಹಿಂದೆ ಕಂಡುಹಿಡಿದಿದ್ದ ಒಂದು ಹಾರ್ಮೋನನ್ನು ಹುಡುಕಿದರು. ಅದರ ಬದಲಾಗಿ ಅವರ ಕೈಗೆ ಬಂದದ್ದು ಅದರ ಬಾಲದ ತುಂಡು. 1976ರಲ್ಲಿ ಆ ತುಂಡು ಅಫೀಮಿನ ಗುಣವುಳ್ಳ ಎಂಡಾರ್ಫಿನ್ ಎಂದು ತಿಳಿದುಬಂತು. ಇಷ್ಟೆಲ್ಲ ತುಂಡುಗಳೂ ಒಂದೇ ಜಲ್ಲೆಯವೆಂಬುದನ್ನು ಜಪಾನಿನ ಕ್ಯೋಟೋದಲ್ಲಿ ಶೋಸಾಕು ನೂಮಾ ಅವರ ತಂಡ 1979ರಲ್ಲಿ ಹಸುವಿನ ಗ್ರಂಥಿಯಿಂದ ಪಡೆದ ವಂಶಲಿಪಿಯನ್ನು ಓದಿ ಸ್ಥಿರಪಡಿಸಿತು.

ಹೀಗಿರುವಾಗ ಈ ಪ್ರೋಟೀನಿಗೇ ಗುರಿಯಿಟ್ಟು ಔಷಧ ಪ್ರಯೋಗಿಸಬಾರದೇಕೆ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಅದಕ್ಕೆ ಕಾರಣವೂ ಉಂಟು. ಪಿಟ್ಯುಟರಿಯಲ್ಲಿ ಸಣ್ಣದೊಂದು ಗಂಟು ಬೆಳೆದು ಎ.ಸಿ.ಟಿ.ಎಚ್. ಮಿತಿಮೀರಿ ಸುರಿಯತೊಡಗಿದರೆ ಮುಖ ಹುಣ್ಣಿಮೆಯ ಚಂದ್ರನಂತೆ ದುಂಡಗಾಗುತ್ತದೆ. ಹೊಟ್ಟೆ ಬೆಳೆದು ಕೈಕಾಲು ಸೊರಗುತ್ತವೆ. ರಕ್ತದೊತ್ತಡವೂ ಸಕ್ಕರೆಯೂ ಏರುತ್ತವೆ. 1932ರಲ್ಲಿ ಹಾರ್ವೇ ಕುಶಿಂಗ್ ಎಂಬ ಶಸ್ತ್ರವೈದ್ಯರು ಈ ಗಂಟಿನ ಸಂಬಂಧವನ್ನು ವಿವರಿಸಿದ್ದರಿಂದ ವ್ಯಾಧಿಗೆ ಅವರ ಹೆಸರೇ ನಿಂತಿತು. ಮೂಗಿನ ಮಾರ್ಗವಾಗಿ ಗಂಟನ್ನು ತೆಗೆಯುವುದೇ ಇಂದಿಗೂ ಮೊದಲ ಚಿಕಿತ್ಸೆ. ಅದು ಫಲಿಸದವರಿಗೆ, ಗ್ರಂಥಿಯಿಂದ ಎ.ಸಿ.ಟಿ.ಎಚ್. ಹೊರಬೀಳುವುದನ್ನು ತಗ್ಗಿಸುವ ಪಾಸಿರಿಯೋಟೈಡ್ ಎಂಬ ಮದ್ದು 2012ರಲ್ಲಿ ಅಂಗೀಕೃತವಾಯಿತು.

ಆದರೆ ಜಲ್ಲೆಯನ್ನೇ ಬುಡಸಹಿತ ಕಡಿದರೆ ಆಗುವ ಅನರ್ಥವನ್ನು ನಿಸರ್ಗವೇ ತೋರಿಸಿಕೊಟ್ಟಿದೆ. ಈ ಪ್ರೋಟೀನನ್ನು ತಯಾರಿಸಲಾರದ ಮಕ್ಕಳನ್ನು ಜರ್ಮನಿಯ ವೈದ್ಯರು 1998ರಲ್ಲಿ ವರ್ಣಿಸಿದರು. ಎ.ಸಿ.ಟಿ.ಎಚ್. ಇಲ್ಲದ್ದರಿಂದ ಕಾರ್ಟಿಸಾಲ್ ಇಲ್ಲ, ಆದ್ದರಿಂದ ಶೈಶವದಲ್ಲಿಯೇ ಪ್ರಾಣಾಪಾಯ. ಎಂ.ಎಸ್.ಎಚ್. ಇಲ್ಲದ್ದರಿಂದ ತೀರದ ಹಸಿವು, ಅತಿಯಾದ ಬೊಜ್ಜು, ಕೆಂಪು ಕೂದಲು. ಇಂಥವರಿಗಾಗಿ ಎಂ.ಎಸ್.ಎಚ್.ನ ಕೆಲಸವನ್ನು ಮಾತ್ರ ಅನುಕರಿಸುವ ಸೆಟ್ಮೆಲನೊಟೈಡ್ ಎಂಬ ಚುಚ್ಚುಮದ್ದಿಗೆ 2020ರ ನವೆಂಬರಿನಲ್ಲಿ ಅಮೆರಿಕೆಯಲ್ಲಿ ಒಪ್ಪಿಗೆ ದೊರೆಯಿತು. ಅದು ಹಸಿವನ್ನು ಶಮನಗೊಳಿಸುತ್ತದೆ. ಕಾರ್ಟಿಸಾಲನ್ನು ಮಾತ್ರ ಬೇರೆಯಾಗಿಯೇ ಕೊಡುತ್ತಿರಬೇಕು. ಯಾವ ತುಂಡಿನಿಂದ ತೊಂದರೆಯೋ ಅದನ್ನಷ್ಟೇ ಅರಿತು ನಡೆವ ಮದ್ದು ಲೇಸೆಂಬುದು ಇದರಿಂದ ವೇದ್ಯವಾಗುತ್ತದೆ.

ಇದೆಲ್ಲ ದೂರದೇಶದ ಅಪರೂಪದ ರೋಗಗಳ ವಿಚಾರವೆಂದು ಹಳ್ಳಿಯ ಓದುಗರು ಬದಿಗಿರಿಸುವಂತಿಲ್ಲ. ಈ ಜಲ್ಲೆಯನ್ನು ಕಡಿಮೆ ಮಾಡುವ ಮದ್ದು ಬಹುಕಾಲದಿಂದ ಮನೆಮನೆಯ ಗೂಡುಗಳಲ್ಲಿಯೇ ಇದೆ. ಕೀಲುನೋವಿಗೆ, ಉಬ್ಬಸಕ್ಕೆ, ಚರ್ಮರೋಗಕ್ಕೆ ಕೊಡುವ ಪ್ರೆಡ್ನಿಸೊಲೋನ್, ಡೆಕ್ಸಾಮೆಥಾಸೋನ್ ಮೊದಲಾದ ಸ್ಟೀರಾಯ್ಡ್ ಗುಳಿಗೆಗಳು ಕಾರ್ಟಿಸಾಲಿನ ಬಂಧುಗಳೇ. ಹೊರಗಿನಿಂದ ಇಷ್ಟು ಬರುತ್ತಿರುವಾಗ ಪಿಟ್ಯುಟರಿ ತನ್ನ ಬೆಳೆಯನ್ನು ನಿಲ್ಲಿಸುತ್ತದೆ; ಎ.ಸಿ.ಟಿ.ಎಚ್. ಕಾಣದ ಅಡ್ರಿನಲ್ ಗ್ರಂಥಿಗಳು ಕುಗ್ಗುತ್ತವೆ. ವೈದ್ಯರ ಸಲಹೆಯಿಂದ ಸೇವಿಸಿದಾಗ ಈ ಗುಳಿಗೆಗಳು ಪ್ರಾಣದಾಯಕ. ಆದರೆ ಹಳೆಯ ಚೀಟಿ ತೋರಿಸಿ ವಾರಗಟ್ಟಲೆ, ತಿಂಗಳುಗಟ್ಟಲೆ ನುಂಗಿ, ನೋವು ಇಳಿಯಿತೆಂದೋ ಹಣ ತೀರಿತೆಂದೋ ಒಮ್ಮೆಲೇ ಬಿಟ್ಟವರ ಪಾಡು ಕಠಿಣ. ನಿಶ್ಶಕ್ತಿ, ವಾಂತಿ, ತಲೆತಿರುಗು, ರಕ್ತದೊತ್ತಡದ ಕುಸಿತಗಳು ತೋರಿ, ಜ್ವರವೋ ಅಪಘಾತವೋ ಒದಗಿದ ಗಳಿಗೆಯಲ್ಲಿ ಜೀವಕ್ಕೇ ಸಂಚಕಾರ ಬರಬಹುದು. ಕುಗ್ಗಿದ ಗ್ರಂಥಿ ಚೇತರಿಸಿಕೊಳ್ಳಲು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಹಿಡಿಯುತ್ತವೆ.

ಆದುದರಿಂದ ಇಂಥ ಗುಳಿಗೆಯನ್ನು ಬಹುದಿನ ಸೇವಿಸಿದವರು ಅದನ್ನು ವೈದ್ಯರ ಸಲಹೆಯಂತೆ ಹಂತ ಹಂತವಾಗಿ ಇಳಿಸಬೇಕು. ಶಸ್ತ್ರಚಿಕಿತ್ಸೆಯ ಮುನ್ನ, ಜ್ವರ ಬಂದಾಗ, ಗುಳಿಗೆಯ ಹೆಸರನ್ನು ಮರೆಯದೆ ತಿಳಿಸಬೇಕು. ಜಲ್ಲೆಯನ್ನು ತುಂಡು ತುಂಡಾಗಿ ಅರಿತು ಮದ್ದು ಹೆಣೆಯುವ ವಿಜ್ಞಾನ ಮುಂದುವರಿಯುತ್ತಿದೆ. ಅದರ ಫಲ ದುಮ್ಮವಾಡದಂಥ ಊರಿನ ಔಷಧದಂಗಡಿಗೆ ಬಂದು ಮುಟ್ಟುವವರೆಗೆ, ಈಗಾಗಲೇ ಕೈಯಲ್ಲಿರುವ ಮದ್ದನ್ನು ತಿಳಿದು ಬಳಸುವುದೇ ಜಾಣತನ.