ಹಾಸಿಗೆ ಇದ್ದಷ್ಟೇ ವೋಲ್ಟೇಜು

ನಮ್ಮ ಹಾಸ್ಟೆಲ್‌ನಲ್ಲಿ ಈಗ ಕ್ರಿಕೆಟ್‌ಗಿಂತ ಹೆಚ್ಚು ಚರ್ಚೆಯಾಗುತ್ತಿರುವುದು ಕಂಪ್ಯೂಟರ್ ಬಿಡಿಭಾಗಗಳ ಬೆಲೆ. ಎಐ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್‌ಗಳನ್ನು ಬಾಚಿಕೊಳ್ಳುತ್ತಿವೆ. 2025ರ ಡಿಸೆಂಬರ್‌ನಲ್ಲಿ ಮೈಕ್ರಾನ್ ಕಂಪನಿಯು ಸಾಮಾನ್ಯ ಗ್ರಾಹಕರಿಗೆಂದು ನಡೆಸುತ್ತಿದ್ದ ‘ಕ್ರೂಷಿಯಲ್’ ವ್ಯವಹಾರದಿಂದಲೇ ಹೊರಬರುವುದಾಗಿ ಪ್ರಕಟಿಸಿತು. ಗ್ರಾಫಿಕ್ಸ್ ಕಾರ್ಡ್‌ಗಳಿಗೆ ಮೆಮೊರಿ ಬರುವುದೂ ಅವೇ ಬೆರಳೆಣಿಕೆಯ ಕಂಪನಿಗಳಿಂದ. ಹೊಸದು ಕೈಗೆಟುಕದಿದ್ದರೆ ವಿದ್ಯಾರ್ಥಿ ಏನು ಮಾಡುತ್ತಾನೆ? ಹಳೆಯ ಕಾರ್ಡನ್ನೇ ಹಿಂಡುತ್ತಾನೆ. ಅದರ ಹೆಸರೇ ಓವರ್‌ಕ್ಲಾಕಿಂಗ್.

ನಾನೂ ಹಿಂಡಿದೆ. ಅಪ್ಪನ ಉಳಿತಾಯದಲ್ಲಿ ಕೊಂಡ ಸೆಕೆಂಡ್‌ಹ್ಯಾಂಡ್ ಆರ್‌ಟಿಎಕ್ಸ್ 3060 ನನ್ನದು. ಪ್ರಾಜೆಕ್ಟ್ ರಿವ್ಯೂಗೆ ಎರಡು ದಿನ ಇರುವಾಗ ಕ್ಲಾಕ್, ವೋಲ್ಟೇಜ್ ಎರಡನ್ನೂ ಒಟ್ಟಿಗೆ ಏರಿಸಿದೆ. ರಾತ್ರಿ ಚೆನ್ನಾಗಿಯೇ ಓಡಿತು. ಮರುದಿನ ಕಲಬುರಗಿಯ ಮೇ ತಿಂಗಳ ಮಧ್ಯಾಹ್ನ ಪರದೆ ಕಪ್ಪಾಯಿತು; ಆರು ಗಂಟೆಯ ಟ್ರೇನಿಂಗ್ ಹೋಯಿತು. ಕಾರ್ಡ್ ಉಳಿದದ್ದು ನನ್ನ ಪುಣ್ಯ. ಅಪ್ಪನಿಗೆ ಇನ್ನೂ ಹೇಳಿಲ್ಲ.

ತಪ್ಪಿದ್ದೆಲ್ಲಿ? ಚಿಪ್ ಕೆಲಸ ಮಾಡುವಾಗ ಬಳಸುವ ವಿದ್ಯುತ್ತು ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. 1 ವೋಲ್ಟ್ ಇದ್ದದ್ದನ್ನು 1.1 ಮಾಡಿ, ವೇಗವನ್ನು ಶೇ 5ರಷ್ಟು ಹೆಚ್ಚಿಸಿದರೆ ಶಾಖ ಸುಮಾರು ಶೇ 27ರಷ್ಟು ಏರುತ್ತದೆ. ಐದು ಗಳಿಸಲು ಇಪ್ಪತ್ತೇಳರ ಖರ್ಚು! ಬಿಸಿಯಾದಷ್ಟೂ ಚಿಪ್‌ನ ಸ್ಥಿರತೆ ಕುಗ್ಗುತ್ತದೆ. ವರ್ಷಗಟ್ಟಲೆ ಹೀಗೇ ಓಡಿಸಿದರೆ ಒಳಗಿನ ಸೂಕ್ಷ್ಮ ಲೋಹದ ತಂತಿಗಳೂ ಸವೆಯುತ್ತವೆ.

ಏರಿಸಲೇಬೇಕೆಂದರೆ ಕ್ರಮವಿದೆ. ಮೊದಲು ಧೂಳು ತೆಗೆದು, ಪವರ್ ಸಪ್ಲೈಗೆ ತಾಕತ್ತಿದೆಯೇ ನೋಡಿ. ವೋಲ್ಟೇಜ್ ಮುಟ್ಟದೆ ಕ್ಲಾಕನ್ನು 15 ಮೆಗಾಹರ್ಟ್ಸ್‌ನಂತೆ ಏರಿಸುತ್ತಾ ಪ್ರತಿ ಸಲ ಪರೀಕ್ಷಿಸಿ. ಪರದೆಯಲ್ಲಿ ಬಣ್ಣದ ಚುಕ್ಕೆ ಕಂಡರೆ, ಡ್ರೈವರ್ ಕುಸಿದರೆ ಎರಡು ಹೆಜ್ಜೆ ಹಿಂದೆ ಬನ್ನಿ. ಆಮೇಲಷ್ಟೇ ವೋಲ್ಟೇಜ್, ಅದೂ ಒಂದೊಂದೇ ಮೆಟ್ಟಿಲು. ಕಂಪನಿ ಹಾಕಿದ ಮಿತಿ ದಾಟಲು ಬಯೋಸ್ ತಿದ್ದುವ ಸಾಹಸ ಬೇಡ. ಕೊನೆಯ ಪರೀಕ್ಷೆ ಮಧ್ಯಾಹ್ನದ ಸೆಕೆಯಲ್ಲೇ ಆಗಲಿ.

ನಾನೀಗ ಉಲ್ಟಾ ದಾರಿ ಹಿಡಿದಿದ್ದೇನೆ: ವೋಲ್ಟೇಜ್ ಇಳಿಸುವುದು. ಅದೇ ವೇಗದಲ್ಲಿ 1.05ರಿಂದ 0.95 ವೋಲ್ಟ್‌ಗೆ ಇಳಿದರೆ ಲೆಕ್ಕದ ಪ್ರಕಾರ ಶೇ 18ರಷ್ಟು ವಿದ್ಯುತ್ ಉಳಿತಾಯ. ಎಲ್ಲ ಕಾರ್ಡ್ ಇದಕ್ಕೆ ಒಗ್ಗುವುದಿಲ್ಲ, ಪರೀಕ್ಷಿಸಿಯೇ ತಿಳಿಯಬೇಕು. ನನ್ನದು ಒಗ್ಗಿತು. ಫ್ಯಾನ್ ಸದ್ದು ತಗ್ಗಿತು, ರೂಮ್‌ಮೇಟ್ ನೆಮ್ಮದಿಯಾಗಿ ಮಲಗುತ್ತಿದ್ದಾನೆ.

ಆದರೆ ಇದು ಸ್ಲೈಡರ್‌ನಿಂದಷ್ಟೇ ಬಗೆಹರಿಯುವ ಸಮಸ್ಯೆಯಲ್ಲ. 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ 10,300 ಕೋಟಿ ರೂಪಾಯಿಗೂ ಹೆಚ್ಚಿನ ‘ಇಂಡಿಯಾ ಎಐ ಮಿಷನ್’ಗೆ ಒಪ್ಪಿಗೆ ನೀಡಿತು. ರಿಯಾಯಿತಿ ದರದಲ್ಲಿ ಜಿಪಿಯು ಒದಗಿಸುವುದೂ ಅದರ ಭಾಗ. ಆ ಸೌಲಭ್ಯ ಜಿಲ್ಲಾ ಕೇಂದ್ರದ ಕಾಲೇಜಿನ ಪ್ರಯೋಗಾಲಯದವರೆಗೂ ಬರಬೇಕು. ಉದ್ಯೋಗ ಪ್ರಕಟಣೆಗಳೆಲ್ಲ ಎಐ ಅನುಭವ ಕೇಳುವಾಗ, ಆ ಅನುಭವ ಅಪ್ಪನ ಉಳಿತಾಯವನ್ನೇ ನೆಚ್ಚಿಕೊಂಡರೆ ಸ್ಪರ್ಧೆ ಸಮವಾಗುವುದು ಹೇಗೆ?

ಅಲ್ಲಿಯವರೆಗೆ ಗೆಳೆಯರೇ, ಹಾಸಿಗೆ ಇದ್ದಷ್ಟೇ ಕಾಲು ಚಾಚೋಣ. ಮಾಡಿದ ಪ್ರತಿ ಬದಲಾವಣೆಯನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಡೋಣ.