ಗ್ರಂಥಸೂಚಿಯ ಅಚ್ಚು: ಕಡತ ಎಲ್ಲಿರಬೇಕು?

ಸಂಶೋಧನಾ ಪ್ರಬಂಧ ಬರೆದು ಮುಗಿಸಿದವರಿಗೆ ಕೊನೆಯ ತಲೆನೋವು ಗ್ರಂಥಸೂಚಿಯದು. ಒಂದು ಪತ್ರಿಕೆಗೆ ಲೇಖಕರ ಪೂರ್ತಿ ಹೆಸರು ಬೇಕು. ಇನ್ನೊಂದಕ್ಕೆ ಇನಿಷಿಯಲ್ ಸಾಕು. ಕೆಲವರು ಇಸವಿಯನ್ನು ಹೆಸರಿನ ಪಕ್ಕದಲ್ಲೇ ಕೇಳಿದರೆ, ಕೆಲವರು ಕೊನೆಯಲ್ಲಿ ಕೇಳುತ್ತಾರೆ. ಇನ್ನೂರು ಪುಸ್ತಕಗಳ ಪಟ್ಟಿಯನ್ನು ಕೈಯಿಂದ ತಿದ್ದಲು ಕುಳಿತರೆ ವಾರವೇ ಕಳೆದೀತು. ಕ್ರಮ ತಪ್ಪಿದರೆ ಪ್ರಬಂಧ ವಾಪಸು ಬಂದೀತು.

ಡೊನಾಲ್ಡ್ ಕನೂತ್ ರೂಪಿಸಿದ ಟೆಕ್, ಅದರ ಮೇಲೆ ಲೆಸ್ಲಿ ಲ್ಯಾಂಪೋರ್ಟ್ ಕಟ್ಟಿದ ಲೇಟೆಕ್ ಬಳಸುವವರಿಗೆ ಈ ಪಾಡು ಬೇಕಿಲ್ಲ. 1985ರಲ್ಲಿ ಓರೆನ್ ಪಟಾಷ್ನಿಕ್ ಇದಕ್ಕೆಂದೇ ಬಿಬ್‌ಟೆಕ್ ಬರೆದರು. ಪುಸ್ತಕಗಳ ವಿವರ ಒಂದು ಕಡತದಲ್ಲಿ. ಅದನ್ನು ಅಚ್ಚಿಸುವ ಬಗೆ ಇನ್ನೊಂದರಲ್ಲಿ. ಈ ಎರಡನೆಯದೇ ಶೈಲಿ ಕಡತ. ಅದರ ಹೆಸರಿನ ಬಾಲ 'ಬಿಎಸ್‌ಟಿ'. ಪ್ಲೇನ್, ಅಬ್ರೀವ್, ಆಲ್ಫಾ, ಅನ್‌ಸಾರ್ಟ್ ಎಂಬ ನಾಲ್ಕು ಶೈಲಿಗಳು ಜೊತೆಯಲ್ಲೇ ಬರುತ್ತವೆ. ಬೇರೆ ಶೈಲಿ ಬೇಕಾದರೆ ಅದರ ಕಡತ ತಂದು ಸೇರಿಸಬೇಕು.

ಹೊಸಬರು ಎಡವುವುದು ಇಲ್ಲೇ. ಗ್ರಂಥಾಲಯದಲ್ಲಿ ಬೇರೆ ಕಪಾಟು ಸೇರಿದ ಪುಸ್ತಕ ಇದ್ದೂ ಇಲ್ಲದಂತೆ. ಕಡತ ಬಿಬ್‌ಟೆಕ್ ಹುಡುಕುವ ಜಾಗದಲ್ಲಿಲ್ಲದಿದ್ದರೆ ಶೈಲಿ ಸಿಗಲಿಲ್ಲವೆಂದು ಅದು ದೂರುತ್ತದೆ. ಪುಟದಲ್ಲಿ ಉಲ್ಲೇಖದ ಬದಲು ಪ್ರಶ್ನೆಚಿಹ್ನೆ ಮೂಡುತ್ತದೆ.

ಒಂದೇ ಪ್ರಬಂಧಕ್ಕಾದರೆ ಪ್ರಬಂಧವಿರುವ ಫೋಲ್ಡರಿನಲ್ಲೇ ಶೈಲಿ ಕಡತವನ್ನೂ ಇಟ್ಟರೆ ಸಾಕು. ಎಲ್ಲ ಬರಹಗಳಿಗೂ ಬೇಕೆಂದರೆ, ಲಿನಕ್ಸ್‌ನಲ್ಲಿ ಟೆಕ್ ಲೈವ್ ಬಳಸುವವರು ತಮ್ಮ ಹೋಮ್ ಫೋಲ್ಡರಿನಲ್ಲಿ 'ಟೆಕ್ಸ್‌ಎಂಎಫ್', ಅದರೊಳಗೆ 'ಬಿಬ್‌ಟೆಕ್ಸ್', ಅದರೊಳಗೆ 'ಬಿಎಸ್‌ಟಿ' ಎಂಬ ಫೋಲ್ಡರು ಮಾಡಿ ಅಲ್ಲಿಡಬೇಕು. ಮ್ಯಾಕ್‌ನಲ್ಲಿ ಈ 'ಟೆಕ್ಸ್‌ಎಂಎಫ್' ಇರಬೇಕಾದದ್ದು ಹೋಮ್‌ನ 'ಲೈಬ್ರರಿ' ಫೋಲ್ಡರಿನಲ್ಲಿ. ಮಿಕ್‌ಟೆಕ್ ಬಳಸುವವರು ಆ ಫೋಲ್ಡರನ್ನು ಮೊದಲು ನೋಂದಾಯಿಸಿ, ಕಡತಗಳ ಪಟ್ಟಿಯನ್ನು ಹೊಸದಾಗಿಸಬೇಕು. ಟೆಕ್‌ನ ಮೂಲ ಫೋಲ್ಡರಿನೊಳಗೆ ಮಾತ್ರ ತುರುಕಬಾರದು. ಹೊಸ ಆವೃತ್ತಿ ಬಂದಾಗ ಅಲ್ಲಿಟ್ಟದ್ದು ಕೈತಪ್ಪುತ್ತದೆ.

ಆಮೇಲೆ ಪ್ರಬಂಧದಲ್ಲಿ ಶೈಲಿಯ ಹೆಸರನ್ನು ಬಾಲವಿಲ್ಲದೆ ಬರೆದು, ಲೇಟೆಕ್ ಒಮ್ಮೆ, ಬಿಬ್‌ಟೆಕ್ ಒಮ್ಮೆ, ಮತ್ತೆ ಲೇಟೆಕ್ ಎರಡು ಬಾರಿ ಓಡಿಸಬೇಕು. ಬಿಬ್‌ಟೆಕ್ ಓಡಿಸುವುದನ್ನು ಮರೆತರೆ ಹಳೆಯ ಪಟ್ಟಿಯೇ ಉಳಿಯುತ್ತದೆ.

ಬೇಕಾದ ಶೈಲಿ ಎಲ್ಲೂ ಸಿಗದಿದ್ದರೆ? ಪ್ಯಾಟ್ರಿಕ್ ಡಾಲಿ ಅವರ ಕಸ್ಟಮ್-ಬಿಬ್ ನೆರವಿಗಿದೆ. ಹೆಸರು ಹೇಗಿರಲಿ, ಇಸವಿ ಎಲ್ಲಿರಲಿ ಎಂದು ಒಂದೊಂದಾಗಿ ಕೇಳಿ, ಉತ್ತರಕ್ಕೆ ತಕ್ಕ ಕಡತವನ್ನು ಅದೇ ಹೆಣೆದು ಕೊಡುತ್ತದೆ. ಮೂಲ ಶೈಲಿಯನ್ನೇ ತಿದ್ದುವವರು ಹೊಸ ಹೆಸರಿಡಬೇಕು. ಹಂಚುವುದಾದರೆ ಹಾಗೆ ಮಾಡಲೇಬೇಕೆಂಬ ಷರತ್ತು ಆ ಕಡತಗಳಲ್ಲೇ ಇದೆ.

ಕನ್ನಡ ಪ್ರಬಂಧದವರಿಗೆ ಒಂದು ಎಚ್ಚರಿಕೆ. ಬಿಬ್‌ಟೆಕ್ ಯೂನಿಕೋಡ್‌ಗೂ ಮುಂಚಿನದು. ಕನ್ನಡ ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸುವ ಕೆಲಸಕ್ಕೆ ಅದನ್ನು ನಂಬುವಂತಿಲ್ಲ. ಅದಕ್ಕೆ ಬಿಬ್‌ಲೇಟೆಕ್ ಮತ್ತು ಬೈಬರ್ ಜೋಡಿಯೇ ಸರಿ. ಆದರೆ ಬಿಎಸ್‌ಟಿ ಕಡತಗಳು ಅಲ್ಲಿ ನಡೆಯವು. ಯಾವ ದಾರಿ ಎಂಬುದನ್ನು ಪ್ರಬಂಧ ಒಪ್ಪಿಸುವ ಹಿಂದಿನ ರಾತ್ರಿಯಲ್ಲ, ಮೊದಲ ಅಧ್ಯಾಯ ಬರೆಯುವಾಗಲೇ ತೀರ್ಮಾನಿಸುವುದು ಕ್ಷೇಮ.