ಬೇಡ ಎನ್ನುವ ಪಾರ್ಲರ್ ಬೇಕು

ನಮ್ಮ ಕಾಸರಗೋಡಿನಲ್ಲಿ ಬ್ಯೂಟಿ ಪಾರ್ಲರ್‌ಗಳಿಗೇನೂ ಬರವಿಲ್ಲ. ಸ್ಟ್ರೈಟನಿಂಗ್, ಸ್ಮೂಥನಿಂಗ್, ಕೆರಟಿನ್ ಎಂದು ಬೋರ್ಡು ಹಾಕಿ, ಗುಂಗುರು ಕೂದಲನ್ನು ಅರ್ಧ ದಿನದಲ್ಲಿ ನೇರ ಮಾಡಿ ಕಳಿಸುತ್ತಾರೆ. ಆದರೆ ಆರು ತಿಂಗಳ ನಂತರವೂ ಆ ಕೂದಲು ತುಂಡಾಗದೆ ಉಳಿಯುವಂತೆ ನೋಡಿಕೊಳ್ಳುವವರು ಎಷ್ಟು ಮಂದಿ? ನಾವು ಹುಡುಕಬೇಕಾದದ್ದು ಅವರನ್ನು.

ಮಕ್ಕಳಿಗೆ ಹೇಳುವ ಹಾಗೆಯೇ ಹೇಳುತ್ತೇವೆ. ಚರ್ಮದಿಂದ ಹೊರಗೆ ಬಂದ ಕೂದಲಿಗೆ ಜೀವವಿಲ್ಲ. ಅದು ಕೆರಟಿನ್ ಎಂಬ ಪ್ರೋಟೀನು. ಅದರೊಳಗಿನ ಗಂಧಕದ ಕೊಂಡಿಗಳು ಗುಂಗುರನ್ನು ಹಿಡಿದಿಡುತ್ತವೆ. ಸ್ಮೂಥನಿಂಗ್‌ಗೆ ಹಾಕುವ ಮದ್ದು, ಹೆಚ್ಚಾಗಿ ಥಯೋಗ್ಲೈಕೋಲೇಟ್, ಆ ಕೊಂಡಿಗಳನ್ನು ಮುರಿಯುತ್ತದೆ. ಆಮೇಲೆ ಇನ್ನೊಂದು ಮದ್ದು ಹಾಕಿ ಮತ್ತೆ ಜೋಡಿಸುತ್ತಾರೆ. ಆದರೆ ಹೋದ ಬಲವೆಲ್ಲ ಮರಳಿ ಬರುವುದಿಲ್ಲ. ಹೊಸ ಕೂದಲು ಬುಡದಿಂದಲೇ ಬರಬೇಕು, ಅದೂ ತಿಂಗಳಿಗೆ ಸುಮಾರು 1 ಸೆಂಟಿಮೀಟರ್. ಹಾಗಾಗಿ ಪಾರ್ಲರಿನವರು ಕೂದಲನ್ನು ‘ಬೆಳೆಸುವುದು’ ಎಂದರೆ, ಬೆಳೆದದ್ದು ಮುರಿಯದಂತೆ ಕಾಯುವುದು, ಅಷ್ಟೆ.

ಅಂಥವರನ್ನು ಗುರುತಿಸುವುದು ಕಷ್ಟವಲ್ಲ. ಮೊದಲು ಏನೆಲ್ಲ ಹಾಕಿಸಿದ್ದೀರಿ ಎಂದು ಕೇಳುತ್ತಾರೆ. ಅಮೆರಿಕದ ಕಪ್ಪು ಹೆಂಗಸರಿಗೆ ಈ ಪ್ರಶ್ನೆಯ ಬೆಲೆ ತಲೆಮಾರುಗಳಿಂದ ಗೊತ್ತು. ಅವರು ಬಳಸುತ್ತಾ ಬಂದ ರಿಲ್ಯಾಕ್ಸರ್‌ಗಳಲ್ಲಿ ಸೋಡಿಯಂ ಹೈಡ್ರಾಕ್ಸೈಡ್, ಅಂದರೆ ಕಾಸ್ಟಿಕ್ ಸೋಡಾ ಇರುತ್ತದೆ. ಅದು ಹಾಕಿದ ಕೂದಲಿನ ಮೇಲೆ ಥಯೋಗ್ಲೈಕೋಲೇಟ್ ಬಿದ್ದರೆ ಕೂದಲು ತುಂಡಾಗಿ ಕೈಗೇ ಬರಬಹುದು. ಬಲ್ಲವರು ಎರಡನೇ ಸಲ ಮದ್ದನ್ನು ಹೊಸದಾಗಿ ಬಂದ ಬುಡದ ಕೂದಲಿಗೆ ಮಾತ್ರ ಹಚ್ಚುತ್ತಾರೆ, ತುದಿಯವರೆಗೆ ಎಳೆಯುವುದಿಲ್ಲ. ಒಂದು ಎಳೆಯ ಮೇಲೆ ಪರೀಕ್ಷೆ ಮಾಡಿ ನೋಡುತ್ತಾರೆ. ನೆತ್ತಿಯಲ್ಲಿ ಗಾಯವಿದ್ದರೆ ಕೈ ಹಾಕುವುದಿಲ್ಲ. ಕವಲೊಡೆದ ತುದಿಯನ್ನು ಕತ್ತರಿಸುತ್ತಾರೆ. ಎಲ್ಲಕ್ಕಿಂತ ಮುಖ್ಯವಾಗಿ, “ಈಗ ಬೇಡ, ನಾಲ್ಕು ತಿಂಗಳು ಬಿಟ್ಟು ಬನ್ನಿ” ಎನ್ನುವ ಧೈರ್ಯ ಅವರಿಗಿರುತ್ತದೆ.

ಇದು ಬರೀ ಅಂದದ ಮಾತಲ್ಲ. ಕೆಲವು ಕೆರಟಿನ್ ಮದ್ದುಗಳು ಬಿಸಿಯಾದಾಗ ಫಾರ್ಮಾಲ್ಡಿಹೈಡ್ ಬಿಡುತ್ತವೆ. ಅದು ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲೇ ಹೇಳಿದೆ. ‘ಫಾರ್ಮಾಲ್ಡಿಹೈಡ್ ಇಲ್ಲ’ ಎನ್ನುವ ಕೆಲವು ಮದ್ದುಗಳಲ್ಲಿ ಗ್ಲೈಯಾಕ್ಸಿಲಿಕ್ ಆಮ್ಲವಿರುತ್ತದೆ. ಅಂಥದ್ದನ್ನು ಹಾಕಿಸಿಕೊಂಡ 26 ವರ್ಷದ ಹೆಂಗಸೊಬ್ಬಳ ಮೂತ್ರಪಿಂಡಕ್ಕೆ ಮೂರು ಸಲವೂ ಹಾನಿಯಾದದ್ದನ್ನು ವೈದ್ಯರು 2024ರಲ್ಲಿ ವರದಿ ಮಾಡಿದ್ದಾರೆ.

ಇಲ್ಲಿ ನಮ್ಮ ಗಡಿನಾಡಿನ ಕಷ್ಟವೂ ಒಂದಿದೆ. ಪಾರ್ಲರಿನಲ್ಲಿ ಮಾತು ಮಲಯಾಳದಲ್ಲಿ, ಬಾಟಲಿಯ ಮೇಲೆ ಇಂಗ್ಲಿಷ್. ಕನ್ನಡ ಮೀಡಿಯಂನಲ್ಲಿ ಓದಿದ ನಮ್ಮ ಹುಡುಗಿಯರು ಕೇಳಲು ಸಂಕೋಚಪಟ್ಟು ತಲೆ ಒಡ್ಡಿ ಕುಳಿತುಬಿಡುತ್ತಾರೆ. 2020ರ ಸೌಂದರ್ಯವರ್ಧಕ ನಿಯಮಗಳ ಪ್ರಕಾರ ಒಳಗೇನಿದೆಯೆಂದು ಲೇಬಲ್ಲಿನಲ್ಲಿ ಬರೆದಿರಲೇಬೇಕು. ಬಾಟಲಿ ತೋರಿಸಿ ಎನ್ನಲು ನಾಚಿಕೆ ಯಾಕೆ? ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ, ತಿಳಿದವರಲ್ಲಿ ಓದಿಸಿ. ಲೇಬಲ್ಲೇ ಇಲ್ಲದ ಡಬ್ಬಿಯಾದರೆ ಎದ್ದು ಬನ್ನಿ.

ದಾಸವಾಳದ ಸೊಪ್ಪಿನ ಗೊಂಪು ಹಾಕಿ ಮೀಯುವುದು ಬಿಟ್ಟು ಇದೆಲ್ಲ ಯಾಕೆ ಎಂದು ಹಿರಿಯರು ಕೇಳಬಹುದು. ಗುಂಗುರು ಕೂದಲು ಒಂದು ದೋಷವಲ್ಲ ಎಂದು ನಾವೂ ತರಗತಿಯಲ್ಲಿ ಹೇಳುತ್ತೇವೆ. ಆದರೂ ತಲೆ ಅವಳದು, ಆಸೆ ಅವಳದು. ಬೈದರೆ ಕದ್ದು ಹೋಗಿ ಅಗ್ಗದಲ್ಲಿ ಮಾಡಿಸಿಕೊಂಡು ಬರುತ್ತಾಳೆ.

ಇನ್ನೊಂದು ಮಾತು. ‘ಬೇಡ’ ಎಂದು ಕಳಿಸಿದವಳಿಗೆ ಆ ದಿನ ಸಾವಿರಾರು ರೂಪಾಯಿ ನಷ್ಟ. ಪಕ್ಕದ ಅಂಗಡಿಯವರು ಆಯಿತು ಎಂದರೆಂದು ನಾವು ಅಲ್ಲಿಗೆ ಹೋದರೆ, ನಾಳೆ ಇವಳೂ ಆಯಿತು ಎನ್ನುತ್ತಾಳೆ. ತುದಿ ಕತ್ತರಿಸಲಿಕ್ಕಾದರೂ ಅವಳಲ್ಲಿಗೇ ಹೋಗಿ, ನಾಲ್ಕು ಜನರಿಗೆ ಅವಳ ಹೆಸರು ಹೇಳಿ. ಒಳ್ಳೆಯ ಪಾರ್ಲರ್ ತಾನಾಗಿ ಸಿಗುವುದಿಲ್ಲ, ನಾವೇ ಉಳಿಸಿಕೊಳ್ಳಬೇಕು. ಏನಂತೀರಿ?